ಎರಡು ವರ್ಷ ದಾಟಿದರೂ ಮಗ ಮಾತಾಡುತ್ತಿಲ್ಲ: ಕಾಯಬೇಕೇ, ತೋರಿಸಬೇಕೇ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಮಗನಿಗೆ ಎರಡು ವರ್ಷ ಮೂರು ತಿಂಗಳು. ಅಮ್ಮ, ತಾತ, ಅಂಬಾ, ಬುವ್ವ, ಟಾಟಾ, ಇಷ್ಟೇ ಅವನ ಮಾತು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, ಇಲ್ಲವೇ ಕೈಹಿಡಿದು ಎಳೆದುಕೊಂಡು ಹೋಗುತ್ತಾನೆ. ನಾವು ಹೇಳುವುದೆಲ್ಲ ಅವನಿಗೆ ಅರ್ಥವಾಗುತ್ತದೆ. ಮೊಬೈಲ್ ನೋಡಿ ಇಂಗ್ಲಿಷ್‌ನಲ್ಲಿ ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ, ಆದರೆ ನೀರು ಬೇಕು ಎಂದು ಕೇಳುವುದಿಲ್ಲ. ಮೊಬೈಲ್ ಇಲ್ಲದೆ ಊಟ ಇಲ್ಲ. ನೆಗಡಿ ಮೇಲಿಂದ ಮೇಲೆ ಆಗುತ್ತಿರುತ್ತದೆ. ಅತ್ತೆಯವರು ‘ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಬಜೆ ತೇಯ್ದು ನೆಕ್ಕಿಸು’ ಎನ್ನುತ್ತಾರೆ. ಯಜಮಾನರು ಈಗಿನಿಂದಲೇ ಇಂಗ್ಲಿಷ್‌ನಲ್ಲಿ ಮಾತಾಡಿಸು ಎನ್ನುತ್ತಾರೆ. ಪಕ್ಕದ ಮನೆಯವರು ಆಟಿಸಂ ಇರಬಹುದು ಎಂದ ದಿನದಿಂದ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ: ತೋರಿಸಿ. ಈ ತಿಂಗಳೇ ತೋರಿಸಿ, ಅದರಲ್ಲೂ ಮೊದಲು ಕಿವಿಯನ್ನು ತೋರಿಸಿ. ಮೈಸೂರಿನಲ್ಲಿ ವಾಕ್ ಚಿಕಿತ್ಸಕಿಯಾಗಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ಕೆಲಸ ಮಾಡುತ್ತಾ ಬಂದ ಇಷ್ಟು ವರ್ಷಗಳಲ್ಲಿ, ಬೇಗ ಬಂದುಬಿಟ್ಟೆವಲ್ಲ ಎಂದು ಪೇಚಾಡಿದ ಒಬ್ಬ ತಾಯಿಯನ್ನೂ ನಾನು ಕಂಡಿಲ್ಲ. ಆರು ತಿಂಗಳ ಹಿಂದೆಯೇ ಬರಬೇಕಿತ್ತು ಎಂದು ಕಣ್ಣೊರೆಸಿಕೊಂಡವರನ್ನು ಕಂಡಿದ್ದೇನೆ. ನಿಮ್ಮ ಪತ್ರದಲ್ಲಿ ಗಾಬರಿಪಡುವಂಥದ್ದು ಕಡಿಮೆ. ಆದರೆ ತಡಮಾಡಲು ಕಾರಣ ಒಂದೂ ಇಲ್ಲ.

ನಿಮ್ಮ ನಿದ್ದೆ ಕೆಡಿಸಿದ ಮಾತಿನಿಂದಲೇ ಶುರುಮಾಡುತ್ತೇನೆ. ಮಾತು ತಡವಾದ ಮಕ್ಕಳಿಗೆಲ್ಲ ಆಟಿಸಂ ಇರುವುದಿಲ್ಲ. ಅದನ್ನು ಗುರುತಿಸಲು ನಾವು ಪದಗಳ ಲೆಕ್ಕಕ್ಕಿಂತ ಬೇರೆ ಸಂಗತಿಗಳನ್ನು ನೋಡುತ್ತೇವೆ. ನಿಮ್ಮ ಮಗ ಬೆರಳು ಮಾಡುವುದು ಬೇಕಾದದ್ದನ್ನು ಪಡೆಯಲು ಮಾತ್ರವೇ, ಅಥವಾ ಆಕಾಶದಲ್ಲಿ ವಿಮಾನ ಕಂಡರೆ, ರಸ್ತೆಯಲ್ಲಿ ಕಬ್ಬಿನ ಗಾಡಿ ಬಂದರೆ, ನೀವೂ ನೋಡಲಿ ಎಂದು ಬೆರಳು ಎತ್ತುತ್ತಾನೆಯೇ? ತೋರಿಸಿದ ಮೇಲೆ ತಿರುಗಿ ನಿಮ್ಮ ಮುಖ ನೋಡುತ್ತಾನೆಯೇ? ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ? ಖಾಲಿ ಲೋಟದಲ್ಲಿ ಕಾಫಿ ಕುಡಿದಂತೆ, ಗೊಂಬೆಯನ್ನು ತಟ್ಟಿ ಮಲಗಿಸಿದಂತೆ ಆಟ ಆಡುತ್ತಾನೆಯೇ? ಬೇರೆ ಮಕ್ಕಳು ಬಂದರೆ ಅವರ ಕಡೆ ಸರಿಯುತ್ತಾನೆಯೇ? ಇವಕ್ಕೆಲ್ಲ ಹೌದು ಎನ್ನುವಂತಿದ್ದರೆ ನೀವು ಸಮಾಧಾನಪಟ್ಟುಕೊಳ್ಳಲು ಬಲವಾದ ಕಾರಣವಿದೆ. ಕೆಲವಕ್ಕೆ ಇಲ್ಲ ಎಂದಾದರೂ ತೀರ್ಮಾನ ಹೇಳುವುದು ಪಕ್ಕದ ಮನೆಯವರ ಕೆಲಸವಲ್ಲ. ಪತ್ರ ಓದಿ ನಾನು ಹೇಳುವುದೂ ತಪ್ಪಾಗುತ್ತದೆ. 16ರಿಂದ 30 ತಿಂಗಳ ಮಕ್ಕಳಿಗೆಂದೇ ಒಂದು ಪ್ರಶ್ನಾವಳಿ ಇದೆ. ಅದನ್ನು ನಿಮ್ಮಿಂದ ತುಂಬಿಸಿ, ಮಗುವನ್ನು ಎದುರಿಗೆ ಆಡಿಸಿ ನೋಡಿದ ಮೇಲೆ ಹೇಳಬೇಕಾದ ಮಾತು ಅದು. ಕೈಹಿಡಿದು ಎಳೆದುಕೊಂಡು ಹೋಗುತ್ತಾನೆ ಎಂದಿರಿ. ಹಾಗೆ ಎಳೆಯುವಾಗ ನಿಮ್ಮ ಮುಖ ನೋಡುತ್ತಾನೋ, ಬರೀ ಕೈ ನೋಡುತ್ತಾನೋ ಗಮನಿಸಿ ಬರೆದಿಟ್ಟುಕೊಳ್ಳಿ. ಪರೀಕ್ಷಿಸುವವರಿಗೆ ಅದು ಬೇಕಾಗುತ್ತದೆ.

ಇನ್ನು ಐದು ಪದಗಳ ಲೆಕ್ಕ. ಅಂಬಾ, ಬುವ್ವ, ಟಾಟಾ ಇವೂ ಪದಗಳೇ ಎಂದು ಬಹಳ ಮಂದಿ ಕೇಳುತ್ತಾರೆ. ಖಂಡಿತ ಪದಗಳೇ. ದನ ಕಂಡಾಗಲೆಲ್ಲ ಅಂಬಾ ಎಂದರೆ ಅದು ಪೂರ್ಣ ಪದ. ಹಿರಿಯರು ಮಕ್ಕಳಿಗೆಂದೇ ಬಳಸುತ್ತ ಬಂದ ಬುವ್ವ, ತಾಚಿ, ಟಾಟಾದಂಥ ಮಾತುಗಳನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಚಿಕ್ಕ ಪದ, ಮರಳಿ ಬರುವ ಅಕ್ಷರ, ಎಳೆಯ ಬಾಯಿಗೆ ಸುಲಭವಾದ ಸದ್ದು. ಪ, ಬ, ಮ ಹೇಳಲು ತುಟಿ ಮುಚ್ಚಿ ತೆರೆದರೆ ಸಾಕು, ಅದೂ ಮಗುವಿನ ಕಣ್ಣಿಗೆ ಕಾಣುತ್ತದೆ. ರ ಮತ್ತು ಳ ಹಾಗಲ್ಲ, ನಾಲ್ಕು ವರ್ಷದವರೆಗೂ ತೊಡರಬಹುದು. ಮುಂದೆ ಅವನು ‘ಲಾಗಿ’ ಎಂದರೆ ತಿದ್ದಲು ಹೋಗಬೇಡಿ. ‘ಹೌದು, ರಾಗಿ’ ಎಂದು ನೀವು ಸರಿಯಾಗಿ ಹೇಳಿ ಮುಂದೆ ಹೋಗಿ.

ಇಷ್ಟನ್ನೂ ಸೇರಿಸಿಕೊಂಡರೂ ಐದು ಕಡಿಮೆಯೇ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು 50 ಪದಗಳು, ಮತ್ತು ‘ಅಮ್ಮ ಬಾ’, ‘ಹಾಲು ಬೇಡ’ ಎಂದು ಎರಡನ್ನು ಜೋಡಿಸುವ ಪ್ರಯತ್ನ ಇರಬೇಕು ಎಂಬುದು ನಮ್ಮ ಅಳತೆ. 12 ತಿಂಗಳಾದರೂ ತೊದಲು ಸದ್ದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ. 16 ತಿಂಗಳಾದರೂ ಒಂದು ಪದವಿಲ್ಲ. 24 ತಿಂಗಳಾದರೂ ಎರಡು ಪದ ಕೂಡಿಸುವುದಿಲ್ಲ, ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಮಾಡಿಸಬೇಕು. ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ಹೊರಟುಹೋದರೆ ಅದೇ ವಾರ ವೈದ್ಯರ ಹತ್ತಿರ ಓಡಬೇಕು.

ನಿಮ್ಮ ಅತ್ತೆಯವರು ಹೇಳುವುದು ಸುಳ್ಳಲ್ಲ. ಎರಡು ವರ್ಷದ ನೂರು ಮಕ್ಕಳಲ್ಲಿ ಹತ್ತರಿಂದ ಹದಿನೈದು ಮಕ್ಕಳಿಗೆ ಮಾತು ತಡವಾಗಿರುತ್ತದೆ, ಅವರಲ್ಲಿ ಗಂಡುಮಕ್ಕಳೇ ಹೆಚ್ಚು, ಅರ್ಧಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಉಳಿದವರ ಸಮಕ್ಕೆ ಬರುತ್ತಾರೆ. ಆದರೆ ಯಾವ ಮಗು ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ, ಯಾವುದು ಹಿಂದೆ ಬೀಳುತ್ತದೆ ಎಂದು ಎರಡು ವರ್ಷದಲ್ಲಿ ಮುಖ ನೋಡಿ ಹೇಳಲು ಯಾರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅಪ್ಪನಿಗೆ ಮಾತು ತಡವಾಗಿತ್ತು ಎಂಬುದು ನಮಗೆ ಬೇಕಾದ ಮಾಹಿತಿ. ಇದು ವಂಶದಲ್ಲಿ ಹರಿದು ಬರುವ ಗುಣ, ಹಾಗಾಗಿ ಬೇಗ ತೋರಿಸಲು ಅದು ಇನ್ನೊಂದು ಕಾರಣ. ಅತ್ತೆಯವರನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗಿ. ನಿಮ್ಮ ಯಜಮಾನರ ಬಾಲ್ಯ ನೆನಪಿರುವುದು ಅವರಿಗೆ.

‘ಹೇಳುವುದೆಲ್ಲ ಅರ್ಥವಾಗುತ್ತದೆ’ ಎಂಬ ಮಾತನ್ನು ಒಂದು ಸಲ ಪರೀಕ್ಷಿಸಿ ನೋಡಿ. ಬೈಕಿನ ಕೀಲಿ ಸದ್ದಾದ ಕೂಡಲೇ ಮಗು ಚಪ್ಪಲಿ ತರುತ್ತದೆ, ನಾವು ‘ಚಪ್ಪಲಿ ತಾ ಎಂದದ್ದು ತಿಳಿಯಿತು’ ಎಂದುಕೊಳ್ಳುತ್ತೇವೆ. ಅದಕ್ಕೆ ತಿಳಿದದ್ದು ಕೀಲಿಯ ಸದ್ದು ಇರಬಹುದು. ಹೊರಗೆ ಹೋಗುವ ಸುಳಿವೇ ಇಲ್ಲದಾಗ, ಕೈ ಆಡಿಸದೆ, ಕಣ್ಣು ಆ ಕಡೆ ಹಾಯಿಸದೆ, ಸಾಮಾನ್ಯ ದನಿಯಲ್ಲಿ ‘ತಾತನ ಚಪ್ಪಲಿ ತಾ’ ಎನ್ನಿ. ತಂದರೆ ಬಹಳ ಒಳ್ಳೆಯದು. ಅರ್ಥವಾಗುವ ಮಾತಿನ ಗಂಟು ದೊಡ್ಡದಿದ್ದರೆ ಆಡುವ ಮಾತು ಬರುವ ಸಾಧ್ಯತೆಯೂ ಹೆಚ್ಚು.

ಈಗ ಕಿವಿಯ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮನೆಯವರು ಮೋಸಹೋಗುವುದು ಇಲ್ಲೇ. ಕುಕ್ಕರ್ ಕೂಗಿದರೆ ಬೆಚ್ಚುತ್ತಾನೆ, ತಟ್ಟೆ ಬಿದ್ದರೆ ತಿರುಗುತ್ತಾನೆ, ಅಂದಮೇಲೆ ಕಿವಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಕುಕ್ಕರಿನ ಸದ್ದು ಜೋರು. ಮಾತಿನಲ್ಲಿ ಸ, ಷ, ಕ, ಟ ಮುಂತಾದವು ಬಹಳ ಮೆಲ್ಲಗಿನ ಸದ್ದುಗಳು. ಬಾಗಿಲು ಬಡಿದದ್ದು ಕೇಳಿಸುವ ಮಗುವಿಗೆ ಇವು ಕೇಳಿಸದೇ ಇರಬಹುದು. ಕನ್ನಡದಲ್ಲಂತೂ ಅರ್ಥ ಪದದ ಬಾಲದಲ್ಲಿ ಇರುತ್ತದೆ: ಮನೆಗೆ, ಮನೆಯಲ್ಲಿ, ಮನೆಯಿಂದ. ಮಾತಿನ ಓಟದಲ್ಲಿ ಈ ಬಾಲಗಳೇ ತಗ್ಗಿ ಹೋಗುವುದು. ಮೇಲಿಂದ ಮೇಲೆ ನೆಗಡಿಯಾಗುವ ಮಗುವಿನಲ್ಲಿ ಕಿವಿತಮಟೆಯ ಹಿಂದೆ ದ್ರವ ಕಟ್ಟಿಕೊಳ್ಳಬಹುದು. ಆಗ ಸಾಮಾನ್ಯವಾಗಿ ನೋವೂ ಇರುವುದಿಲ್ಲ, ಕಿವಿ ಸೋರುವುದೂ ಇಲ್ಲ, ಆದರೆ ಮಗುವಿಗೆ ನೀರಿನೊಳಗೆ ಮುಳುಗಿ ಕೇಳಿದಂತೆ ಮಾತು ಮಂಕಾಗಿ ಕೇಳುತ್ತದೆ, ಅದೂ ಒಂದು ವಾರ ಚೆನ್ನಾಗಿ, ಇನ್ನೊಂದು ವಾರ ಕಡಿಮೆ. ಇದು ಸರಿಮಾಡಬಹುದಾದ ತೊಂದರೆ. ಹುಟ್ಟಿದಾಗ ಮಗುವನ್ನು ತೀವ್ರ ನಿಗಾ ಘಟಕದಲ್ಲಿ ಇಟ್ಟಿದ್ದರೆ, ರಕ್ತ ಬದಲಿಸುವಷ್ಟು ಕಾಮಾಲೆ ಬಂದಿದ್ದರೆ, ನಿಮ್ಮದು ಸೋದರಮಾವನ ಅಥವಾ ಅತ್ತೆಯ ಮಗನ ಸಂಬಂಧದ ಮದುವೆಯಾಗಿದ್ದರೆ, ಮನೆತನದಲ್ಲಿ ಹುಟ್ಟು ಕಿವುಡು ಇದ್ದರೆ, ಅದನ್ನೂ ಮುಚ್ಚಿಡದೆ ಹೇಳಿ. ಇದರಲ್ಲಿ ಯಾರ ಮರ್ಯಾದೆಯ ಪ್ರಶ್ನೆಯೂ ಇಲ್ಲ, ಯಾರ ತಪ್ಪೂ ಇಲ್ಲ. ಹಾಗೆಯೇ ಎಣ್ಣೆಸ್ನಾನದ ದಿನ ಕಿವಿಗೆ ಎಣ್ಣೆ ಬಿಡುವ ಪದ್ಧತಿ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ. ಮೈಗೆ, ತಲೆಗೆ ಎಷ್ಟು ಬೇಕಾದರೂ ಹಚ್ಚಿ.

ಬಜೆಯ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳಬೇಕು: ಬೇಡ. ನನ್ನ ನಾಲಿಗೆಗೂ ಅಜ್ಜಿ ಬಜೆ ತೇಯ್ದು ಹಚ್ಚಿದ್ದರಂತೆ, ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಜೆಯ ಬೇರಿನಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಬಜೆಯ ಎಣ್ಣೆಯಿಂದ ಗಡ್ಡೆಗಳು ಕಂಡುಬಂದ ಮೇಲೆ 1968ರಲ್ಲಿ ಅಮೆರಿಕದಲ್ಲಿ ಆಹಾರಕ್ಕೆ ಬಜೆ ಸೇರಿಸುವುದನ್ನೇ ನಿಷೇಧಿಸಿದರು. ಎಳೆಯ ಮಕ್ಕಳಿಗೆ ಹೆಚ್ಚಾದರೆ ವಾಂತಿ ನಿಲ್ಲುವುದಿಲ್ಲ. ಬಜೆಯಿಂದ ಮಾತು ಬರುತ್ತದೆ ಎನ್ನಲು ಆಧಾರವೂ ಇಲ್ಲ. ಜೇನಿನಲ್ಲಿ ತೇಯ್ದು ಕೊಡುವ ಮನೆಗಳಿಗೆ ಇನ್ನೊಂದು ಮಾತು: ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಂ ಸೂಕ್ಷ್ಮಾಣು ಎಳೆಗೂಸಿಗೆ ಪ್ರಾಣಾಪಾಯ. ಇನ್ನು ಕೆಲವರು ನಾಲಿಗೆಯ ಕೆಳಗಿನ ನಾರು ಕೊಯ್ಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ನಾರು ಬಿಗಿಯಾಗಿದ್ದರೆ ಒಂದೆರಡು ಅಕ್ಷರ ತೊದಲಬಹುದು, ಎದೆಹಾಲು ಕುಡಿಯುವಾಗ ಕಷ್ಟವಾಗಬಹುದು. ಪದಗಳೇ ಬರದಿರುವುದಕ್ಕೆ ಅದು ಕಾರಣವಲ್ಲ.

ಹತ್ತರವರೆಗೆ ಎಣಿಸುವ ಮಗು ನೀರು ಕೇಳುವುದಿಲ್ಲ ಎಂದು ಬರೆದಿರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಸಾಲು ಅದೇ. ಈಚೆಗೆ ನನ್ನ ಹತ್ತಿರ ಬರುವ ಅನೇಕ ಮಕ್ಕಳು ಹೀಗೆಯೇ ಇದ್ದಾರೆ: ಬಣ್ಣಗಳ ಹೆಸರು, ಅಕ್ಷರಮಾಲೆ ಎಲ್ಲ ಬಾಯಲ್ಲಿವೆ, ಹಸಿವಾಗಿದೆ ಎಂದು ಹೇಳಲು ಬರುವುದಿಲ್ಲ. ಮೊಬೈಲ್ ಮಗುವಿನ ಕಿವಿಗೆ ಸದ್ದು ತುಂಬುತ್ತದೆ, ಆದರೆ ಮಗು ಏನು ನೋಡಿತು, ಏನೆಂದಿತು ಎಂದು ಗಮನಿಸಿ ಉತ್ತರ ಕೊಡುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ತಾಯಂದಿರಿಗೆ ಆಗಾಗ ಹೇಳುತ್ತೇನೆ. ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳ ಎದುರು ಚೀನೀ ಭಾಷೆ ಬಲ್ಲವರು ಕೂತು 12 ಬಾರಿ ಆಡಿಸಿ ಮಾತಾಡಿದರು. ಆ ಮಕ್ಕಳು ಚೀನೀ ಭಾಷೆಯ ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತವು. ಅದೇ ಮಾತು, ಅದೇ ಆಟವನ್ನು ವಿಡಿಯೊದಲ್ಲಿ ನೋಡಿದ ಮಕ್ಕಳು ಏನೂ ಕಲಿಯಲಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂದಹಾಗೆ, ‘ವರ್ಚುವಲ್ ಆಟಿಸಂ’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ವೈದ್ಯಕೀಯದಲ್ಲಿ ಒಪ್ಪಿತವಾದ ರೋಗದ ಹೆಸರಲ್ಲ. ಮೊಬೈಲ್ ಕೊಟ್ಟು ಮಗನಿಗೆ ಆಟಿಸಂ ಬರಿಸಿದೆ ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಹೇಗೆ ಬಿಡಿಸುವುದು? ಒಂದೇ ಊಟದಿಂದ ಶುರುಮಾಡಿ. ಬೆಳಗಿನ ತಿಂಡಿ ಸುಲಭ, ಹಸಿವು ಇರುತ್ತದೆ. ಮೊದಲ ನಾಲ್ಕೈದು ದಿನ ಅಳುತ್ತಾನೆ, ಕಡಿಮೆ ತಿನ್ನುತ್ತಾನೆ. ಮೈ ಚೆನ್ನಾಗಿರುವ ಮಗುವಿಗೆ ಒಂದು ಹೊತ್ತು ಕಡಿಮೆಯಾದರೆ ಕೇಡಿಲ್ಲ, ಮುಂದಿನ ಹೊತ್ತಿಗೆ ಸರಿಮಾಡಿಕೊಳ್ಳುತ್ತದೆ. ಅವನ ತಟ್ಟೆಗೇ ಮುದ್ದೆಯ ಚಿಕ್ಕ ತುಣುಕು ಹಾಕಿ, ಕೈಯಾರೆ ಮುರಿದುಕೊಳ್ಳಲಿ, ನೆಲವೆಲ್ಲ ಆಗಲಿ. ಸಂಜೆ ಧಾರಾವಾಹಿಯ ಹೊತ್ತಿನಲ್ಲಿ ಅವನು ಟಿ.ವಿ. ನೋಡದಿದ್ದರೂ ಮನೆಯ ದೊಡ್ಡವರ ಬಾಯಿ ಕಟ್ಟಿಹೋಗಿರುತ್ತದೆ, ಆ ಎರಡು ಗಂಟೆ ಅವನ ಕಿವಿಗೆ ಬೀಳುವ ಮನೆಮಾತು ತೀರಾ ಕಡಿಮೆ. ಅತ್ತೆಯವರ ಧಾರಾವಾಹಿಯನ್ನು ಕಿತ್ತುಕೊಳ್ಳಿ ಎನ್ನುವುದಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ತಾತನ ಜೊತೆ ಕೊಟ್ಟಿಗೆಗೆ ಕಳಿಸಿ.

ಕೊಟ್ಟಿಗೆ ಎಂದೆ, ನಿಮ್ಮಲ್ಲಿ ದನ ಇರುವುದು ಮಗನ ‘ಅಂಬಾ’ದಿಂದ ಗೊತ್ತಾಯಿತು. ಚಿಕಿತ್ಸೆಯ ಕೋಣೆಯಲ್ಲಿ ನಾವು ಪ್ಲಾಸ್ಟಿಕ್ ಹಸು ಇಟ್ಟುಕೊಂಡು ಮಾಡುವ ಕೆಲಸಕ್ಕೆ ನಿಮ್ಮ ಮನೆಯಲ್ಲಿ ನಿಜವಾದ ಹಸು ನಿಂತಿದೆ. ಅವನು ‘ಅಂಬಾ’ ಎಂದರೆ ತಾತ ‘ಅಂಬಾ ಬಂತು’ ಎನ್ನಲಿ. ಮತ್ತೊಮ್ಮೆ ಎಂದರೆ ‘ಅಂಬಾ ಹುಲ್ಲು ತಿನ್ನುತ್ತೆ’. ಮಗು ಒಂದು ಪದ ಕೊಟ್ಟರೆ ನೀವು ಅದಕ್ಕೆ ಒಂದೆರಡು ಪದ ಸೇರಿಸಿ ವಾಪಸು ಕೊಡಿ. ‘ಹೇಳು, ಹೇಳು, ಹಸು ಅನ್ನು’ ಎಂದು ಪೀಡಿಸಬೇಡಿ. ಬಂದ ನೆಂಟರ ಎದುರು ಪರೀಕ್ಷೆ ಇಡಬೇಡಿ. ಬಾಯಿ ತೆರೆದಾಗಲೆಲ್ಲ ಪರೀಕ್ಷೆ ಎದುರಾದರೆ ಮಗು ಬಾಯಿಯನ್ನೇ ಮುಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಈಗ ಹೇಳುತ್ತೇನೆ. ತುಂಬಿದ ಮನೆಯಲ್ಲಿ ಮಗು ಕೇಳುವ ಮೊದಲೇ ಎಲ್ಲವೂ ಕೈಗೆ ಬಂದಿರುತ್ತದೆ. ಅವನು ಲೋಟದ ಕಡೆ ನೋಡಿದರೆ ಸಾಕು, ನೀರು ಬಂತು. ಅಡುಗೆಮನೆಗೆ ಎಳೆದರೆ ಸಾಕು, ಬಿಸ್ಕತ್ತು ಬಂತು. ಅವನಿಗೆ ಮಾತಿನ ಅಗತ್ಯವೇ ಬೀಳುವುದಿಲ್ಲ. ನೀರಿನ ಲೋಟ ಕೈಯಲ್ಲಿ ಹಿಡಿದು, ಅವನ ಎತ್ತರಕ್ಕೆ ಕೂತು, ‘ನೀರು?’ ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತು ಎಣಿಸಿ. ದೊಡ್ಡವರಿಗೆ ಆ ಹತ್ತು ಎಣಿಕೆ ಎಷ್ಟು ದೀರ್ಘ ಎಂದು ಮಾಡಿ ನೋಡಿದರೆ ತಿಳಿಯುತ್ತದೆ. ಮೂರಕ್ಕೇ ಯಾರಾದರೂ ಬಾಯಿ ಹಾಕಿಬಿಡುತ್ತಾರೆ. ಆ ಮೌನದಲ್ಲಿ ಮಗು ನಿಮ್ಮ ತುಟಿ ನೋಡುತ್ತದೆ, ತನ್ನೊಳಗೆ ಹುಡುಕುತ್ತದೆ, ‘ನೀ’ ಎಂದೋ ‘ಈ’ ಎಂದೋ ಏನೋ ಒಂದು ಸದ್ದು ಹೊರಡುತ್ತದೆ. ಆ ಸದ್ದಿಗೇ ಸಂಭ್ರಮಪಟ್ಟು ನೀರು ಕೊಡಿ. ಸದ್ದು ಬರದಿದ್ದರೂ ಕೊಡಿ, ‘ನೀರು ಬೇಕು’ ಎಂದು ಅವನ ಪರವಾಗಿ ನೀವೇ ಹೇಳಿ ಕೊಡಿ. ಹಸಿದ ಮಗುವನ್ನು ಮಾತಿಗಾಗಿ ಸತಾಯಿಸುವುದನ್ನು ನಾನು ಒಪ್ಪುವುದಿಲ್ಲ. ಬೇಕು, ಬೇಡ, ಬಾ, ಕೊಡು, ಇನ್ನೂ, ಆಯ್ತು, ಈ ಆರನ್ನು ಮೊದಲು ಗುರಿಯಾಗಿಟ್ಟುಕೊಳ್ಳಿ. ಬಣ್ಣಗಳ ಹೆಸರಿಗಿಂತ ‘ಬೇಡ’ ಎಂಬ ಮಾತು ಮಗುವಿಗೆ ಸಾವಿರ ಪಾಲು ಉಪಯೋಗ.

ಸಂದರ್ಭಗಳನ್ನು ನೀವೇ ಸೃಷ್ಟಿಸಿ. ಚುರುಮುರಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಕೊಡಿ, ತೆಗೆಯಲಾಗದೆ ನಿಮ್ಮ ಹತ್ತಿರ ಬರುತ್ತಾನೆ, ‘ತೆಗಿ’ ಎಂಬುದಕ್ಕೆ ಅದು ಹೊತ್ತು. ಬಾಳೆಹಣ್ಣು ಇಡಿಯಾಗಿ ಕೊಡದೆ ತುಂಡು ತುಂಡಾಗಿ ಕೊಟ್ಟರೆ ‘ಇನ್ನೂ’ ಐದು ಸಲ ಬರುತ್ತದೆ. ಸ್ನಾನದ ಮನೆಯಂಥ ಪಾಠಶಾಲೆ ಬೇರಿಲ್ಲ: ತಂಬಿಗೆ ಎತ್ತಿ, ‘ಒಂದು, ಎರಡು...’ ಎಂದು ನಿಲ್ಲಿಸಿ, ಅವನ ಕಣ್ಣು ನಿಮ್ಮ ಕಣ್ಣಿಗೆ ಸೇರುವವರೆಗೆ ಕಾದು, ನೀರು ಹೊಯ್ಯಿರಿ. ಅವರೆಕಾಯಿ ಕಾಲದಲ್ಲಿ ಅಜ್ಜಿ ಕಾಳು ಹಿದುಕುತ್ತ ಕೂತಾಗ ಅವನನ್ನೂ ಪಕ್ಕದಲ್ಲಿ ಕೂರಿಸಿ, ಪ್ರತಿ ಕಾಳಿಗೂ ‘ಪಟ್’ ಎನ್ನಲಿ. ಕಾಳು ಬಾಯಿಗೆ, ಮೂಗಿಗೆ ಹೋಗದಂತೆ ಮಾತ್ರ ಕಣ್ಣಿಟ್ಟಿರಿ. ದಿನಕ್ಕೆ ಒಂದು ಗಂಟೆ ಕೂರಿಸಿ ಕಲಿಸುವುದು ಬೇಡ, ಹೇಗೂ ಮಾಡುವ ಕೆಲಸಗಳಲ್ಲೇ ಇದೆಲ್ಲ ಆಗಬೇಕು.

ಯಜಮಾನರಿಗೆ ಒಂದು ಮಾತು. ಎರಡು ಭಾಷೆ ಕೇಳಿದರೆ ಮಾತು ತಡವಾಗುವುದಿಲ್ಲ, ಕನ್ನಡ ಮತ್ತು ಉರ್ದು ಎರಡೂ ಆಡುವ ಮನೆಯ ಮಕ್ಕಳು ಹೊತ್ತಿಗೆ ಸರಿಯಾಗಿಯೇ ಮಾತಾಡುತ್ತಾರೆ. ಹಾಗಾಗಿ ಇಂಗ್ಲಿಷ್ ವಿಷವಲ್ಲ. ತೊಂದರೆ ಇರುವುದು ಬೇರೆ ಕಡೆ. ನಿಮಗೆ ಸಲೀಸಲ್ಲದ ಭಾಷೆಯಲ್ಲಿ ಮಗುವಿಗೆ ಸಿಗುವುದು ‘ಕಮ್, ಸಿಟ್, ಈಟ್’ ಎಂಬ ಅಪ್ಪಣೆಗಳು ಮಾತ್ರ. ಗದ್ದೆಯಲ್ಲಿ ಏನಾಯಿತು, ಹಸು ಏಕೆ ಒದೆಯಿತು, ನಾಲೆಗೆ ನೀರು ಬಿಟ್ಟರೇ, ಇವನ್ನೆಲ್ಲ ರಾಗವಾಗಿ, ಮುಖ ಅರಳಿಸಿ, ಮುನಿಸು ತೋರಿಸಿ ಹೇಳಲು ನಿಮಗೆ ಬರುವುದು ಕನ್ನಡದಲ್ಲಿ. ಆ ಶ್ರೀಮಂತ ಮಾತು ಅವನಿಗೆ ಈಗ ಬೇಕು. ಒಂದು ಭಾಷೆ ಗಟ್ಟಿಯಾಗಿ ನಿಂತ ಮಗು ಮುಂದೆ ಇಂಗ್ಲಿಷನ್ನೂ ಸಲೀಸಾಗಿ ಕಲಿಯುತ್ತದೆ.

ಎಲ್ಲಿಗೆ ಹೋಗುವುದು ಎಂದರೆ, ನಿಮ್ಮ ಅದೃಷ್ಟ ದೊಡ್ಡದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇರೆ ರಾಜ್ಯಗಳಿಂದ ಮಕ್ಕಳನ್ನು ಎತ್ತಿಕೊಂಡು ಜನ ಬರುವ ಜಾಗ ನಿಮಗೆ ಸುಮಾರು 45 ಕಿಲೋಮೀಟರ್ ದೂರದಲ್ಲಿದೆ. ಕಿವಿ, ಮಾತು, ಮನೋವಿಜ್ಞಾನ ಎಲ್ಲವನ್ನೂ ಒಂದೇ ಕಡೆ ನೋಡುತ್ತಾರೆ. ಜೊತೆಗೆ ನಿಮ್ಮ ಅಂಗನವಾಡಿ ಕಾರ್ಯಕರ್ತೆಗೂ ತಿಳಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಉಚಿತವಾಗಿ ನೋಡಬೇಕು. ಆದರೆ ಅವರು ಬರುವವರೆಗೆ ಕಾಯಬೇಡಿ.

ಬೆಳಗಿನ ರೈಲಿಗೆ ಹೊರಡಿ. ತಾಯಿ ಕಾರ್ಡ್, ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ಕೊಟ್ಟ ಕಾಗದಗಳು ಜೊತೆಗಿರಲಿ. ಒಂದು ವಾರ ಮುಂಚಿನಿಂದ ಅವನು ಆಡಿದ ಪ್ರತಿ ಪದವನ್ನೂ, ಯಾವ ಸಂದರ್ಭದಲ್ಲಿ ಎಂಬುದರ ಜೊತೆ ಬರೆದಿಡಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿಯೇ ಬಿಡುವುದಿಲ್ಲ. ಆ ಮೊಬೈಲ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮನೆಯಲ್ಲಿ ತನ್ನಷ್ಟಕ್ಕೆ ಆಡುವಾಗ, ತಾತನ ಜೊತೆ ಇರುವಾಗ ಐದೈದು ನಿಮಿಷದ ಎರಡು ವಿಡಿಯೊ ತೆಗೆದುಕೊಂಡು ಹೋಗಿ. ಕಿವಿಯ ಒಂದು ಪರೀಕ್ಷೆಯನ್ನು ಮಗು ನಿದ್ದೆಯಲ್ಲಿದ್ದಾಗ ಮಾಡುತ್ತಾರೆ, ತಲೆಗೆ ಅಂಟು ತಂತಿ ಹಚ್ಚಿ ನೋಡುವ ಅದಕ್ಕೆ ನೋವಿಲ್ಲ. ಬೇಕಾದರೆ ಅದಕ್ಕೆ ಬೇರೆ ದಿನ ಕೊಟ್ಟಾರು. ಆ ದಿನ ರೈಲಿನಲ್ಲಿ ಅವನನ್ನು ನಿದ್ದೆ ಹೋಗಲು ಬಿಡಬೇಡಿ, ಅವನು ಹೊದ್ದು ಮಲಗುವ ಹೊದಿಕೆಯನ್ನೇ ತೆಗೆದುಕೊಂಡು ಹೋಗಿ. ಕಿವಿಯ ಫಲಿತಾಂಶ ಬಂದ ಮೇಲೆ ನನಗೆ ಮತ್ತೆ ಬರೆಯಿರಿ, ಆ ಪಟ್ಟಿಯಲ್ಲಿ ಎಷ್ಟು ಪದಗಳಾದವು ಎಂಬುದನ್ನೂ ತಿಳಿಸಿ.